ತಲೆಕೆಳಗಾದ ಹಕ್ಕಿ

ಪಚಕ್ — ಒದ್ದೆ ತುಟಿ ಬಿಟ್ಟುಕೊಂಡಂಥ ಒಂದು ಸಣ್ಣ ಸದ್ದು, ಗೋಡೆಯಾಚೆ, ರಾತ್ರಿ ಎರಡು ದಾಟಿದೆ, ಅದೇನೆಂದು ಕಣ್ಣು ಬಿಡುವ ಮೊದಲೇ ಜುಲ್ಮೀರಾಗೆ ಗೊತ್ತು, ಅಪ್ಪ ಹಿಡಿದು ಏಳಲೆಂದು ಬಚ್ಚಲಿನ ಗೋಡೆಗೆ ತಾನೇ ಒತ್ತಿ ಅಂಟಿಸಿದ ರಬ್ಬರ್ ಬಟ್ಟಲಿನ ಹಿಡಿಕೆ ಕಿತ್ತುಬಂದ ಸದ್ದು, ಆಮೇಲೆ ಮೆತ್ತಗೆ ಏನೋ ಕುಸಿದದ್ದು, ಆಮೇಲೆ ಏನೂ ಇಲ್ಲ — ಅಪ್ಪ ಕೂಗುವುದಿಲ್ಲ, ಎಂಬತ್ತಾರರ ಅದೆಲೀನು ಮಗಳನ್ನು ಕೂಗುವುದಕ್ಕಿಂತ ನೆಲದಲ್ಲೇ ಬೆಳಗು ಮಾಡುವ ಗಂಡಸು — ಏಳಬೇಕು, ಇನ್ನೇನು ಏಳುತ್ತಾಳೆ, ಗಡಿಯಾರದ ಕೆಂಪು ಅಂಕಿ ಎರಡು ಹತ್ತು, ಎರಡು ಹದಿಮೂರು, ಸಂಜೆ ಅಪ್ಪನನ್ನು ತೊಳೆದ ವಾಸನೆ ಉಗುರಿನ ಸಂದಿಯಲ್ಲಿ ಇನ್ನೂ ಇದೆ, ಸೋಪಿನಲ್ಲಿ ಮೂರು ಸಲ ತಿಕ್ಕಿದರೂ ಮೆಕ್ಕೆಜೋಳದ ಬ್ರೆಡ್ಡು ಮುರಿದು ಬಾಯಿಗಿಡುವಾಗ ಅದೇ ವಾಸನೆ, ಹೇಸಿಗೆಯೆಂದರೆ ನಾಲಿಗೆಯ ಬುಡದಲ್ಲಿ ಊರುವ ಈ ಉಪ್ಪುನೀರು, ಎರಡು ಹದಿನಾರು.

ಬಾಗಿಲು ತಳ್ಳಿದರೆ ಮೊದಲು ನಾತ, ಆಮೇಲೆ ಹೊರಗಿನ ಬೆಳಕಿನಲ್ಲಿ ಅಪ್ಪ, ಕಮೋಡಿಗೂ ಗೋಡೆಗೂ ನಡುವೆ ಸಿಕ್ಕಿ ಕೂತಿದ್ದಾನೆ, ಪಾಯಜಾಮ ಮೊಣಕಾಲಲ್ಲಿ, ಕೊಳೆಬಟ್ಟೆಯ ಎತ್ತರದ ಬುಟ್ಟಿ ಉರುಳಿದೆ, ತೊಡೆಗೆ ಮೆತ್ತಿದ್ದು ನೆಲಕ್ಕೂ ಮೆತ್ತಿದೆ — ದೀಪ ಹಾಕ್ಬೇಡ, ಎಂದ. ಹಾಕದೆ ಹೇಗಪ್ಪಾ ಒರೆಸೋದು, ಸ್ವಿಚ್ಚು ಒತ್ತಿದಳು, ತಲೆಗೆ ಪೆಟ್ಟಾಯ್ತಾ? ತಲೆ ಗಟ್ಟಿ ಕಣೇ, ಬದುಕಿದ್ದಾಗ ನಿಮ್ಮಮ್ಮನ್ನ ಕೇಳ್ಬೇಕಿತ್ತು. ನನ್ನ ನೋಡ್ಬೇಡ, ಗೋಡೆ ನೋಡು. ಗೋಡೆ ನೋಡುತ್ತಾಳೆ, ಅಂಗೈಯಗಲದ ಟೈಲ್ಸು, ಒಂದೊಂದರಲ್ಲೂ ಒಂದು ನೀಲಿ ಹಕ್ಕಿ, ಹುಟ್ಟಿದ ಸಾವ್ ಮಿಗೆಲ್ ದ್ವೀಪದಿಂದ ಪೆಟ್ಟಿಗೆಯಲ್ಲಿ ತಂದು ಅವನೇ ಕೂರಿಸಿದ್ದು, ಟೊರಾಂಟೊದ ಎಷ್ಟೋ ಬಚ್ಚಲುಗಳಿಗೆ ಟೈಲ್ಸು ಹಾಕಿದ ಕೈ — ಸ್ಕ್ರೂ ಹಾಕಿದ ಹಿಡಿಕೆನೇ ಬೇಕು, ಇನ್ನೊಂದ್ಸಲ ಬಿದ್ರೆ ವೃದ್ಧಾಶ್ರಮಕ್ಕೆ ಬರೆದುಕೊಡ್ಬೇಕಾಗುತ್ತೆ, ಎಂದಿದ್ದಳು ಹೋದ ತಿಂಗಳು ಮನೆಗೆ ಬರುವ ನರ್ಸು, ನನ್ನ ಗೋಡೆ ಕೊರೆಯೋನು ಮೊದಲು ನನ್ನ ಹಣೆ ಕೊರೀಲಿ, ಎಂದಿದ್ದ ಅಪ್ಪ, ಅದಕ್ಕೇ ಈ ರಬ್ಬರಿನದು ತಂದಳು, ಡಬ್ಬಿಯ ಮೇಲೆ ಬರೆದಿತ್ತು ಟೈಲ್ಸಿನ ಸಂದಿನ ಮೇಲೆ ಅಂಟಿಸಬೇಡಿ, ಕಳಚುತ್ತದೆ ಎಂದು, ಈ ಪುಟ್ಟ ಟೈಲ್ಸಿನ ಗೋಡೆಯಲ್ಲಿ ಸಂದಿಲ್ಲದ ಜಾಗವೆಲ್ಲಿದೆ, ಸಂದಿನ ಮೇಲೇ ಒತ್ತಿ, ಗಟ್ಟಿಯಾಗಿದೆ ಅಪ್ಪಾ, ಹಿಡ್ಕೋ, ಎಂದಿದ್ದಳು — ಟೈಲ್ಸಿನವನ ಮಗಳು — ಅವನೂ ಸಂದು ನೋಡಿದ, ಆದರೂ ಹಿಡಿದುಕೊಂಡ. ಒದ್ದೆ ಬಟ್ಟೆ, ಇನ್ನೊಂದು, ಒದ್ದೆ ಕಾಗದದಂಥ ಚರ್ಮ, ಮಡಿಕೆ ಮಡಿಕೆಗೂ ಬೆರಳು ಹೋಗಬೇಕು, ಎರಡು ಬೆರಳಲ್ಲಿ ಎತ್ತಿ ಕೆಳಗೂ ಒರೆಸಬೇಕು, ಓಕರಿಕೆ ಗಂಟಲಿಗೆ ಬಂತು, ಕೆಮ್ಮಿ ಮುಚ್ಚಿಹಾಕಿದಳು. ಶೀತಾನಾ? ಹೂಂ ಅಪ್ಪಾ. ಜುಲೈನಲ್ಲಿ ಶೀತ, ಎಂದ, ಗೋಡೆಗೆ.

ಮೊಣಕಾಲು ಊರಪ್ಪಾ, ಕಮೋಡು ಹಿಡಿ, ಬೆನ್ನು ನನ್ನ ಮೇಲೆ ಬಿಡು — ಎದ್ದ, ಕೂತ, ತೊಡೆ ಮೇಲೆ ಟವೆಲ್ಲು ಹಾಸಿದಳು, ಉಸಿರು ಬಂದ ಮೇಲೆ ಬೆರಳು ಚಾಚಿದ, ಬುಟ್ಟಿ ಇದ್ದ ಕಡೆ ನೋಡು. ಅಲ್ಲಿ ಒಂದು ಹಕ್ಕಿ ತಲೆಕೆಳಗು. ಚಿಕ್ಕವಳಿದ್ದಾಗ ಇಲ್ಲೇ ಕೂತು ಹಕ್ಕಿ ಎಣಿಸಿದವಳು, ಇದನ್ನು ಕಂಡೇ ಇಲ್ಲ. ಸಿಮೆಂಟ್ ಒಣಗಿದ್ಮೇಲೆ ಗೊತ್ತಾಯ್ತು, ಎಂದ ಅಪ್ಪ, ನಿಮ್ಮಮ್ಮ ನಗ್ಲಿಲ್ಲ, ಯಾರಿಗೂ ಹೇಳ್ಲೂ ಇಲ್ಲ, ಬುಟ್ಟಿ ತಂದು ಅಡ್ಡ ಇಟ್ಲು, ನಲವತ್ತು ವರ್ಷ. ಹಿಡಿಕೆಗೆ ಅದ್ರಲ್ಲೇ ಕೊರಿ. ಹೆಂಗೂ ಕೆಟ್ಟಿದ್ದು. ಆಮೇಲೆ ಅವಳ ಮುಖ ನೋಡದೆ, ಸದ್ದು ಕೇಳಿದ್ ತಕ್ಷಣ ಓಡ್ಬಂದ್ಯಲ್ಲ, ಒಳ್ಳೇ ಹುಡುಗಿ — ಹೊಗಳಿದನೋ, ಚುಚ್ಚಿದನೋ, ಕತ್ತಲಲ್ಲಿ ಕೂತವನಿಗೆ ಎಷ್ಟು ಹೊತ್ತೆಂದು ಗೊತ್ತಾಗದೆ ಇರುತ್ತದೆಯೇ — ಉಪ್ಪುನೀರು ಮತ್ತೆ ಊರಿತು, ಈ ಸಲ ವಾಸನೆಗಲ್ಲ. ಬೆಳಿಗ್ಗೆ ಹತ್ತಕ್ಕೆ ನರ್ಸು ಬರುತ್ತಾಳೆ, ಬಿದ್ರಾ, ಕೇಳುತ್ತಾಳೆ, ಇಲ್ಲ ಎನ್ನಬೇಕು, ಅಕ್ಕ ಓದೆತ್ ಫೋನು ಮಾಡುತ್ತಾಳೆ, ಇಲ್ಲ, ಅಪ್ಪ ಚೆನ್ನಾಗಿದ್ದಾನೆ, ಅಷ್ಟರೊಳಗೆ ಕೊರೆದು ಹಿಡಿಕೆ ಕೂರಿಸಿರಬೇಕು, ಇನ್ನು ಸದ್ದು ಕೇಳಿಯೂ ಹಾಸಿಗೆಯಲ್ಲೇ ಮಲಗಿ ನೋಡಿದ ಆ ಕೆಂಪು ಅಂಕಿಗಳು, ಹತ್ತು, ಹದಿಮೂರು, ಹದಿನಾರು, ಅವನ್ನು ಭಾನುವಾರ ಪಾದ್ರಿಯ ಕಿವಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ, ಬುಟ್ಟಿ ಎತ್ತಿ ನಿಲ್ಲಿಸಿದಳು, ಅಡ್ಡ ಇಡಲು ಹೋಗಿ ಕೈ ನಿಂತಿತು, ಕಾಲು ಮೇಲೆ, ಕೊಕ್ಕು ನೆಲಕ್ಕೆ, ಅಪ್ಪ ಕೂತಿದ್ದ ಜಾಗಕ್ಕೇ ನೇರ ಬೀಳುತ್ತಿರುವ ನೀಲಿ ಹಕ್ಕಿ, ನಲವತ್ತು ವರ್ಷದಿಂದ ಬೀಳುತ್ತಲೇ ಇರುವ ಹಕ್ಕಿ, ಹಕ್ಕಿ —