ಆಚೆ ಬದಿಯ ನೆಲ

ಹಾಲನ್ನು ಸಣ್ಣ ಉರಿಯ ಮೇಲಿಟ್ಟು ಕಲಕದೆ ಬಿಟ್ಟರೆ ಮೊದಲು ಕೆನೆ ಕಟ್ಟುತ್ತದೆ. ಸ್ವಲ್ಪ ಹೊತ್ತಿಗೆ ನಡುವೆ ಎಲ್ಲೋ ಹಾಲು ಮೇಲಕ್ಕೆ ಒತ್ತಿ, ಕೆನೆ ಬಿರಿದು, ಒಂದು ತುಂಡು ಈಚೆಗೂ ಇನ್ನೊಂದು ಆಚೆಗೂ ಸರಿಯತೊಡಗುತ್ತದೆ. ಪಾತ್ರೆಯ ಅಂಚು ಮುಟ್ಟಿದ ಕೆನೆ ಸುಕ್ಕುಗಟ್ಟಿ ನಿಲ್ಲುತ್ತದೆ, ಇಲ್ಲವೇ ಮತ್ತೊಂದರ ಅಡಿಗೆ ನುಸುಳಿ ಮುಳುಗಿಹೋಗುತ್ತದೆ. ಭೂಮಿಯ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ಇದು. ಹೇಳಿಕೊಟ್ಟವರು ಮುಕುಂದ ಶೆಣೈಯವರು, ನಾನು ಕೆಲಸಕ್ಕಿದ್ದ ಕಡಲತಳದ ಸಮೀಕ್ಷೆಯ ಕಚೇರಿಗೆ ಮುಖ್ಯಸ್ಥರು. ಚಹಾದ ಒಲೆಯ ಮುಂದೆ ಚಮಚ ಹಿಡಿದು ನಿಂತು, "ನಾವೆಲ್ಲ ನಿಂತದ್ದು ಈ ಕೆನೆಯ ಮೇಲೆ. ಗಟ್ಟಿ ನೆಲದ ಮೇಲೆ ಇದ್ದೇವೆ ಅಂತ ಜಂಬ ಬೇರೆ," ಎನ್ನುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು. ಒರೆಸುವವಳು ನಾನು.

ನನ್ನ ನಿಜವಾದ ಕೆಲಸ ಕೆಸರು ಸೀಳುವುದು. ಕಚೇರಿಯ ಹಡಗು ತಿಂಗಳುಗಟ್ಟಲೆ ಕಡಲಲ್ಲಿದ್ದು, ಉದ್ದನೆಯ ಕೊಳವೆಗಳನ್ನು ತಂತಿಹಗ್ಗದಲ್ಲಿ ಇಳಿಸಿ, ತಳಕ್ಕೆ ಚುಚ್ಚಿ, ಒಳಹೊಕ್ಕ ಕೆಸರಿನ ಸಮೇತ ಎತ್ತಿ ತರುತ್ತಿತ್ತು. ಮೇಲಿನದು ಹೊಸ ಕೆಸರು, ಕೆಳಗಿಳಿದಂತೆ ಹಳೆಯದು. ನಾನು ಕೊಳವೆಯನ್ನು ಉದ್ದಕ್ಕೆ ಕೊಯ್ದು, ನಡುವೆ ತೆಳುವಾದ ತಂತಿ ಎಳೆದು ಅದನ್ನು ಎರಡು ಪಾಲು ಮಾಡುತ್ತಿದ್ದೆ. ಒಂದು ಪಾಲು ಪರೀಕ್ಷೆಗೆ, ಇನ್ನೊಂದು ತಣ್ಣನೆಯ ಕೋಣೆಯಲ್ಲಿ ಹಾಗೇ ಇಡುವುದಕ್ಕೆ. ಇಡುವ ಪಾಲಿಗೆ ಯಾರೂ ಬೆರಳು ತಾಗಿಸುವಂತಿರಲಿಲ್ಲ. ಒಮ್ಮೆ ಯಾವನೋ ದೊಡ್ಡ ಅಧಿಕಾರಿ ಬಂದು ಚಿಟಿಕೆ ಕೇಳಿದಾಗ ಶೆಣೈಯವರು, "ಇದು ಮುಂದೆ ಹುಟ್ಟುವವರದ್ದು. ಅವರನ್ನು ಕೇಳಿ ಕೊಡ್ತೇನೆ," ಎಂದು ಬಾಗಿಲು ಹಾಕಿದ್ದರು.

ಹಡಗಿನಲ್ಲಿ ಆ ತಂತಿಹಗ್ಗ ಇಳಿಸಿ ಎತ್ತುವ ಯಂತ್ರ ನಡೆಸುತ್ತಿದ್ದವರು ನನ್ನ ಗಂಡ. ಭೋಜ ಎಂದು ಹೆಸರು. ಎದುರಿಗೆ ಎಂದೂ ಹೆಸರು ಹಿಡಿದು ಕರೆದವಳಲ್ಲ, ಬರೆಯುವಾಗ ಮಾತ್ರ ಈ ಧೈರ್ಯ. ಅವರು ಎತ್ತಿದ ಕೆಸರನ್ನು ನಾನು ಕೊಯ್ಯುತ್ತಿದ್ದೆ. ನಮ್ಮ ಮದುವೆ ಕುದುರಿದ್ದೂ ಹಾಗೆಯೇ. "ಊರಿನ ಗಂಡಂದಿರು ಹೆಂಡತಿಗೆ ಮಲ್ಲಿಗೆ ತರ್ತಾರೆ. ನಾನು ನೋಡು, ಕೆಸರು ತರ್ತೇನೆ," ಎಂದು ನಗುತ್ತಿದ್ದರು. ಅವರ ತಾಯಿಗೆ ಈ ಕೆಸರಿನ ವ್ಯವಹಾರ ಅರ್ಥವಾಗುತ್ತಿರಲಿಲ್ಲ. ಕಡಲಿಗೆ ಹೋದವನು ಮೀನು ತರಬೇಕು ಎನ್ನುವುದು ಅವರ ವಾದ. ಮಗ ತಾಯಿಯನ್ನು ಒಲೆಯ ಮುಂದೆ ಕೂರಿಸಿ, ಶೆಣೈಯವರ ಹಾಲಿನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ್ದರು. ಕಡಲಿನ ನಡುವೆ ನೀರಿನಡಿಯಲ್ಲಿ ಬೆಟ್ಟಗಳ ಸಾಲೇ ಇದೆ, ಅದರ ನೆತ್ತಿ ಸೀಳಿ ಕಣಿವೆಯಾಗಿದೆ, ಅಲ್ಲಿ ಒಳಗಿನ ಬೆಂಕಿಕಲ್ಲು ಉಕ್ಕಿ ಬಂದು ಆರಿ ಹೊಸ ನೆಲವಾಗುತ್ತದೆ, ಈಚೆಯದು ನಮ್ಮ ಕಡೆಗೆ, ಆಚೆಯದು ಆ ಕಡೆಗೆ ಸರಿಯುತ್ತದೆ ಎಂದು. "ಎಷ್ಟು ಬೇಗ ಹೋಗ್ತದೆ?" ಎಂದು ಅತ್ತೆ ಕೇಳಿದರು. "ನಿನ್ನ ಉಗುರು ಬೆಳೆಯುವಷ್ಟು ಬೇಗ." "ಹಾಗಾದರೆ ನನಗೆಂತ ಗಡಿಬಿಡಿ," ಎಂದು ಅತ್ತೆ ಕೆನೆ ತೆಗೆದು ಮಗನ ಬಾಯಿಗಿಟ್ಟರು.

ಕಚೇರಿಯ ಗೋಡೆಯ ಮೇಲೆ ಕಡಲತಳದ ದೊಡ್ಡ ನಕ್ಷೆಯಿತ್ತು. ಹಡಗು ಎಲ್ಲಿ ನಿಂತಿದೆ ಎಂದು ಸಂದೇಶ ಬಂದಾಗಲೆಲ್ಲ ಅಲ್ಲಿಗೊಂದು ಗುಂಡುಪಿನ್ನು ಚುಚ್ಚುವುದೂ ನನ್ನ ಕೆಲಸ. ಆ ಪ್ರಯಾಣದಲ್ಲಿ ಹಡಗು ಬೆಟ್ಟಸಾಲಿನ ಕಡೆಗೆ ಹೋಗಿತ್ತು. ಒಂದು ಮಧ್ಯಾಹ್ನ ಸಂದೇಶ ಬಂದಿತು. ಶೆಣೈಯವರು ಓದಿದರು, ಮತ್ತೆ ಓದಿದರು, ಕುರ್ಚಿಯಿಂದ ಎದ್ದು ನನ್ನನ್ನು ಅದರಲ್ಲಿ ಕೂರಿಸಿದರು. ಕೊಳವೆ ಡೊಂಕಾಗಿ, ಬರಿದಾಗಿ ಮೇಲೆ ಬಂದಿದೆ. ಎತ್ತುವಾಗ ದೊಡ್ಡ ಅಲೆ ಹೊಡೆದು ಭೋಜ ನೀರಿಗೆ ಬಿದ್ದಿದ್ದಾರೆ. ಹುಡುಕಿದ್ದಾರೆ, ಸಿಕ್ಕಿಲ್ಲ. ಕೊನೆಯಲ್ಲಿ ಎಂದಿನಂತೆ ಹಡಗು ನಿಂತ ಸ್ಥಾನ. ಗುರುತು ಹಾಕು ಎಂದು ಯಾರೂ ಹೇಳಲಿಲ್ಲ. ನಾನೇ ಎದ್ದು ಹೋಗಿ ಪಿನ್ನು ಚುಚ್ಚಿದೆ. ಕೈ ನಡುಗಲಿಲ್ಲ ಎಂದು ಆಮೇಲೆ ಜನ ಆಡಿಕೊಂಡರಂತೆ, ಆಡಿಕೊಳ್ಳಲಿ.

ನಮ್ಮ ಊರಿನಲ್ಲಿ ಒಂದು ಪದ್ಧತಿಯಿತ್ತು. ಕಡಲು ಸತ್ತವರನ್ನು ಇಟ್ಟುಕೊಳ್ಳುವುದಿಲ್ಲ, ದಡಕ್ಕೆ ತಂದು ಹಾಕುತ್ತದೆ. ತಂದು ಹಾಕಿದ ಜಾಗದ ಒಂದು ಮುಷ್ಟಿ ಮರಳನ್ನು ಬಟ್ಟೆಯಲ್ಲಿ ಕಟ್ಟಿ, ಅದನ್ನಿಟ್ಟು ಕ್ರಿಯೆ ಮಾಡುತ್ತಾರೆ. ಮರಳಿಲ್ಲದಿದ್ದರೆ ಕ್ರಿಯೆಯಿಲ್ಲ, ಕ್ರಿಯೆಯಿಲ್ಲದಿದ್ದರೆ ಆತ ಸತ್ತಿಲ್ಲ. ದಡದ ಬಳಿ ಮೀನು ಹಿಡಿಯುವವರಿಗೆ ಮಾಡಿದ ಪದ್ಧತಿ ಅದು. ಅಷ್ಟು ದೂರದ, ಅಷ್ಟು ಆಳದ ಕಡಲಿನಿಂದ ಯಾರೂ ದಡಕ್ಕೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಗೆ ಹೇಳುವುದು ಹೇಗೆ?

ಅತ್ತೆ ದಿನಾ ಸಂಜೆ ಹಂಡೆಗೆ ನೀರು ತುಂಬಿ ಒಲೆ ಹಚ್ಚುತ್ತಿದ್ದರು, ಮಗ ಬಂದರೆ ಮೈಯ ಉಪ್ಪು ತೊಳೆಯಲು ಬೇಕಲ್ಲ ಎಂದು. ನನ್ನ ಒಂದು ಬಳೆ ಒಡೆದರೂ ಸಾಕು, ಅಂದೇ ಪೇಟೆಗೆ ಹೋಗಿ ಹೊಸ ಬಳೆ ತಂದು ತಾವೇ ತೊಡಿಸುತ್ತಿದ್ದರು. ಅತ್ತೆಯ ಕೈ ನನ್ನ ಕೈಯನ್ನು ಹಿಂಡಿ ಬಳೆ ಏರಿಸುವಾಗ ನನಗೆ ಕಿರುಚಿಕೊಳ್ಳಬೇಕೆನಿಸುತ್ತಿತ್ತು. ನಾನು ಹೆಂಡತಿಯಾಗಿ ಉಳಿದಿರಲಿಲ್ಲ, ವಿಧವೆಯಾಗುವುದಕ್ಕೂ ಅಪ್ಪಣೆಯಿರಲಿಲ್ಲ. ಸತ್ತವರಿಗಾಗಿ ಅಳುವುದು ಆ ಮನೆಯಲ್ಲಿ ಅವರನ್ನು ಕೊಂದಷ್ಟೇ ತಪ್ಪಾಗಿತ್ತು.

ಮಳೆಗಾಲ ಕಳೆದು ಹಡಗು ಬಂದರಿಗೆ ಮರಳಿ ಕೆಲವು ದಿನಗಳಾದ ಮೇಲೆ ಊರಿನ ಗುರಿಕಾರರು, ನಮ್ಮ ಸಮುದಾಯದ ಹಿರಿಯರು, ಅತ್ತೆಯನ್ನು ಕಂಡು, "ಅಪ್ಪಿಯಕ್ಕ, ಆ ಹಡಗಿನಲ್ಲಿ ಕಡಲಿನ ಅಡಿಯದ್ದೇ ಮಣ್ಣು ಬಂದಿದೆಯಂತೆ. ಅವನು ಬಿದ್ದಲ್ಲಿಯದ್ದು ಸಿಕ್ಕಿದರೆ ಆಗ್ತದಾ?" ಎಂದರು. ಅತ್ತೆ, "ಅದನ್ನು ಕೈಯಲ್ಲಿ ಹಿಡಿದರೆ ನಂಬ್ತೇನೆ," ಎಂದರು.

ಮರುದಿನ ಬೆಳಿಗ್ಗೆ ಅವರು ನನ್ನೊಡನೆ ಕಚೇರಿಗೆ ಬಂದರು. ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು ನಿಂತರು.

"ಶೆಣೈಗಳೇ, ಒಂದು ಮುಷ್ಟಿ ಸಾಕು."

ಶೆಣೈಯವರು ನನ್ನತ್ತ ನೋಡಿದರು. ಆ ಪ್ರಯಾಣದ ಪರೀಕ್ಷೆಯ ಪಾಲು ಅದಾಗಲೇ ಬೇರೆ ಊರಿಗೆ ಹೋಗಿತ್ತು. ಅವರು ತಣ್ಣನೆಯ ಕೋಣೆಗೆ ಹೋದರು. ಇಡುವ ಪಾಲಿನ ಮುಚ್ಚಳ ತೆಗೆಯುವ ಸದ್ದು ಕೇಳಿಸಿತು. ಬರಿಗೈಯಲ್ಲಿ ಬಗೆದ ಬೂದುಬಣ್ಣದ ಕೆಸರನ್ನು ಅಂಗೈ ತುಂಬ ಹಿಡಿದು ತಂದು ಅತ್ತೆಯ ಬೊಗಸೆಗೆ ಹಾಕಿದರು.

ಅತ್ತೆ ಅದನ್ನು ಮೂಸಿದರು. ಹೆಬ್ಬೆರಳಿನಲ್ಲಿ ಮೆಲ್ಲಗೆ ಸವರಿದರು, ಹಸುಗೂಸಿನ ತಲೆ ಸವರುವ ಹಾಗೆ. ಆಮೇಲೆ ಕೇಳಿದರು: "ಇದು ಅವನು ಬಿದ್ದ ಜಾಗದ್ದೇ ಅಲ್ವಾ?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಪಾಪ, ಶೆಣೈಯವರಿಗೆ ಸುಳ್ಳು ಹೇಳಿ ಅಭ್ಯಾಸವೇ ಇರಲಿಲ್ಲ.

"ಅಲ್ಲಿ ಮಣ್ಣಿಲ್ಲ ಅಪ್ಪಿಯಕ್ಕ," ಎಂದರು. "ಅಲ್ಲಿ ಬರೀ ಕಲ್ಲು. ಹೊಸದಾಗಿ ಹುಟ್ಟಿದ ನೆಲ, ಮೇಲೆ ಮಣ್ಣು ಕೂರುವಷ್ಟು ಕಾಲ ಆಗಿಲ್ಲ. ಕೊಳವೆ ಡೊಂಕಾದದ್ದು ಅದಕ್ಕೇ. ಇದು ಅದಕ್ಕೂ ಮೊದಲು, ಬೇರೆ ಕಡೆ ಎತ್ತಿದ್ದು."

"ಮಣ್ಣೂ ಇಲ್ಲದ ಜಾಗವಾ?"

"ಬೀಳ್ತಾ ಇರ್ತದೆ. ಮೇಲಿನಿಂದ ಧೂಳಿನ ಹಾಗೆ ಬೀಳ್ತಾನೇ ಇರ್ತದೆ."

"ಅವನನ್ನು ಮುಚ್ಚುವಷ್ಟು ಬೀಳಲಿಕ್ಕೆ ಎಷ್ಟು ಕಾಲ ಬೇಕು?"

ಉತ್ತರಕ್ಕೆ ಕಾಯದೆ ಅತ್ತೆ ನನ್ನ ಕಡೆಗೆ ತಿರುಗಿದರು. "ಮಗಾ, ನಿನಗೆ ಗೊತ್ತುಂಟಲ್ಲ. ಎಲ್ಲಿ ಅಂತ ತೋರಿಸು."

ನಾನು ನಕ್ಷೆಯ ಬಳಿ ಹೋಗಿ ಎರಡು ಪಿನ್ನುಗಳನ್ನು ತೋರಿಸಿದೆ. ಕೆಸರು ಬಂದದ್ದು ಇಲ್ಲಿಂದ, ಅವರು ಬಿದ್ದದ್ದು ಅಲ್ಲಿ. ಕಾಗದದ ಮೇಲೆ ಎರಡಕ್ಕೂ ನಡುವೆ ಇದ್ದದ್ದು ಗೇಣು ಅಂತರ. ಅತ್ತೆ ನಕ್ಷೆಗೆ ಮುಖ ತಾಗುವಷ್ಟು ಹತ್ತಿರ ಬಂದರು. ಎರಡು ಪಿನ್ನುಗಳ ನಡುವೆ ಕಪ್ಪು ಗೆರೆಯಾಗಿ ಹರಿದಿದ್ದ ಕಣಿವೆಯ ಮೇಲೆ ಅವರ ಕಣ್ಣು ನಿಂತಿತು.

"ಇದು ಆ ಬಿರುಕಾ? ಹಾಲಿನಲ್ಲಿ ಆಗ್ತದಲ್ಲ, ಅದು?"

"ಹೌದು ಅತ್ತೆ."

"ಅವನು ಅದರ ಆಚೆಗಾ?"

"ಆಚೆಗೆ."

ಅಷ್ಟು ದಿನ ನನ್ನೊಳಗೇ ಇದ್ದ ಮಾತು ಅದು. ಅವರು ಬಿದ್ದ ನೆಲ ನಮ್ಮ ನೆಲದ ಭಾಗವಲ್ಲ. ಕಣಿವೆಯ ಈಚೆಗೆ ಬಿದ್ದಿದ್ದರೆ ಈ ಊರು, ಈ ಮನೆ, ಅವರು ಎಲ್ಲವೂ ಒಂದೇ ಹಾಸಿನ ಮೇಲೆ, ಒಂದೇ ದಿಕ್ಕಿಗೆ ಜೊತೆಯಾಗಿ ಸಾಗುತ್ತಿದ್ದವು. ಈಗ ಅವರ ಹಾಸು ಬೇರೆ. ನಾನು ಕೆಸರು ಸೀಳುವಾಗ, ಉಣ್ಣುವಾಗ, ಮಲಗಿರುವಾಗಲೂ ಅವರು ನನ್ನಿಂದ ದೂರ ಸರಿಯುತ್ತಲೇ ಇದ್ದಾರೆ ಎನ್ನುವ ಯೋಚನೆ ನನ್ನನ್ನು ತಿಂದುಹಾಕುತ್ತಿತ್ತು. ಅತ್ತೆಯೂ ಕುಸಿದುಬೀಳುತ್ತಾರೆ ಎಂದು ಹೆದರಿ ಅವರ ತೋಳು ಹಿಡಿದುಕೊಂಡೆ.

ಅವರು ಬೀಳಲಿಲ್ಲ. ಬೊಗಸೆಯ ಕೆಸರನ್ನು ಶೆಣೈಯವರ ಕೈಗೆ ಮರಳಿ ಹಾಕಿ, "ಇದು ಈಚೆಯದ್ದು. ಅವನದ್ದಲ್ಲ. ನಿಮ್ಮಲ್ಲೇ ಇರಲಿ," ಎಂದು ಹೊರಟರು. ಶೆಣೈಯವರು ಅದನ್ನು ಹಿಡಿದುಕೊಂಡು ಬಾಗಿಲವರೆಗೆ ಬಂದರು. ಅವರ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಮನೆಗೆ ಬಂದು ಅತ್ತೆ ಒಲೆಯ ಮೇಲೆ ಹಾಲಿಟ್ಟರು. ಉರಿ ತಗ್ಗಿಸಿ ಎದುರಿಗೆ ಕುಳಿತರು. ನಾನೂ ಕುಳಿತೆ. ಕೆನೆ ಕಟ್ಟಿತು, ನಡುವೆ ಬಿರಿಯಿತು, ಎರಡು ತುಂಡುಗಳು ಮೆಲ್ಲಗೆ ದೂರವಾದವು. ಅತ್ತೆ ಕೆನೆಯಿಂದ ಕಣ್ಣು ತೆಗೆಯದೆ ಮಾತಾಡಿದರು.

"ಒಂದೇ ಕಡೆ ಇದ್ದಾನೆ, ಬರಲಿಕ್ಕೆ ದಾರಿ ಸಿಕ್ಕಿಲ್ಲ ಅಂತ ನಾನು ಕಾದದ್ದು. ಅವನು ಹೊರಟಾಗಿದೆ ಮಾರಾಯ್ತಿ. ಹೊರಟವನನ್ನು ನಾನು ಹಿಡಿದಿಟ್ಟದ್ದು, ನೋಡು."

"ಅತ್ತೆ..."

"ಕಳಿಸಿಕೊಡಬೇಕು. ನಿನ್ನನ್ನೂ ಸುಮ್ಮನೆ ಕಟ್ಟಿಹಾಕಿದೆ, ಬಳೆ ತೊಡಿಸಿ ತೊಡಿಸಿ."

ಅವರ ಮಡಿಲಲ್ಲಿ ಮುಖ ಹುದುಗಿಸಿ ಅಳತೊಡಗಿದೆ, ಅಳು ನಿಲ್ಲಲೇ ಇಲ್ಲ. ಅವರು ಬೆನ್ನು ಸವರುತ್ತ, "ಅಳು, ಅಳು," ಎಂದರು. ಆ ಸಂಜೆ ಹಂಡೆಗೆ ನೀರು ತುಂಬಲಿಲ್ಲ.

ಮರಳಿನ ವಿಷಯಕ್ಕೆ ಗುರಿಕಾರರು ತಕರಾರು ತೆಗೆದರು. ಅತ್ತೆ ಬಂದರಿನ ಕಟ್ಟೆಯ ಪಕ್ಕಕ್ಕೆ, ಮಗ ಕೊನೆಯ ಸಲ ದೋಣಿ ಹತ್ತಿ ಹಡಗಿಗೆ ಹೋದ ಜಾಗಕ್ಕೆ ನಡೆದು, ಅಲ್ಲಿಯ ಒಂದು ಮುಷ್ಟಿ ಮರಳನ್ನು ಬಟ್ಟೆಯಲ್ಲಿ ಕಟ್ಟಿದರು.

"ಬಂದು ಬಿದ್ದ ಜಾಗದ್ದಲ್ವಾ ಅಪ್ಪಿಯಕ್ಕ ಬೇಕಾದ್ದು? ಹೊರಟ ಜಾಗದ್ದಕ್ಕೆ ಪದ್ಧತಿ ಇಲ್ಲ."

"ಹೊರಟೇ ಹೋದವನಿಗೆ ಹೊರಟ ಜಾಗದ್ದೇ ಆಗ್ಬೇಕು. ಪದ್ಧತಿ ಇಲ್ಲದಿದ್ದರೆ ಇವತ್ತಿಂದ ಉಂಟು ಅಂತ ಇಟ್ಟುಕೊಳ್ಳಿ."

ಬೆಳಗಿನ ನೀರಿಳಿತದ ಹೊತ್ತಿಗೆ ಕ್ರಿಯೆ ನಡೆಯಿತು. ಮರಳಿನ ಗಂಟನ್ನು ನೀರಿಗೆ ಬಿಟ್ಟದ್ದು ಅತ್ತೆಯೇ. ಶೆಣೈಯವರು ದೂರದಲ್ಲಿ ಒಬ್ಬರೇ ನಿಂತಿದ್ದರು. ನಾನು ಬಳೆ ತೆಗೆದಿಟ್ಟೆ. ಕೈ ಹಗುರಾದದ್ದಕ್ಕೆ ದುಃಖವಾಯಿತು, ಸುಳ್ಳೇಕೆ, ಸ್ವಲ್ಪ ಸಮಾಧಾನವೂ ಆಯಿತು.

ಮುಗಿದ ಮೇಲೆ ಹಿಂದೆ ತಿರುಗಿ ನೋಡದೆ ಮನೆಗೆ ನಡೆಯಬೇಕು. ಒದ್ದೆ ಸೀರೆಯಲ್ಲಿ ಇಬ್ಬರೂ ಹೊರಟೆವು. ದಿಬ್ಬ ಹತ್ತುವಲ್ಲಿ ಅತ್ತೆ ನಿಂತರು. ಮುಖ ಊರಿನ ಕಡೆಗೇ ಇತ್ತು, ಬೆನ್ನು ಕಡಲಿಗೆ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಾನು ತಾಯಿ, ನೋಡಿದರೆ ಮತ್ತೆ ಕರೆದುಬಿಡ್ತೇನೆ. ನೀನು ನೋಡು ಮಗಾ. ಹೋದನಾ ಅಂತ ಹೇಳು."

ನಾನು ತಿರುಗಿದೆ. ದಡದ ಒದ್ದೆ ಮರಳಿನಲ್ಲಿ ನಮ್ಮಿಬ್ಬರ ಹೆಜ್ಜೆ ಮೂಡಿದ್ದವು. ಅದರಾಚೆ ಎಲ್ಲಿ ನೋಡಿದರೂ ನೀರು.

"ಹೋದರು ಅತ್ತೆ," ಎಂದೆ.