ಚುಕ್ಕಾಣಿ ಹಿಡಿದವರ ಹೆಸರಲ್ಲಿ

ಅತ್ತೆ ಮಲಗಿದ್ದ ಮಂಚವನ್ನು ಆಸ್ಪತ್ರೆಯವರು ಬಂದು ವಾಪಸು ಒಯ್ದ ಮೇಲೆ ಹೇಜಲ್‌ಗೆ ಮುಂದಿನ ಕೋಣೆಗೆ ಕಾಲಿಡುವುದಕ್ಕೇ ಮನಸ್ಸಾಗುತ್ತಿರಲಿಲ್ಲ. ಅಲ್ಲೇ ವರ್ಷಗಟ್ಟಲೆ ಗುಳಿಗೆ ನುಂಗಿಸಿ, ಬಟ್ಟೆ ಬದಲಿಸಿ, ಕಿವಿಯನ್ನೆಲ್ಲ ಆ ಮಂಚದ ಕಡೆಗಿಟ್ಟು ಬದುಕಿದವಳು ಅವಳು. ಅತ್ತೆ ಈ ಚಳಿಗಾಲದಲ್ಲಿ ತೀರಿಕೊಂಡರು. ಕೈಗೆ ಕೆಲಸ ತಪ್ಪಿತು, ಮೈಯ ಸುಸ್ತು ಮಾತ್ರ ತಪ್ಪಲಿಲ್ಲ. ರಾಮ್ಸ್‌ಗೇಟ್ ಬಂದರಿನ ಹಿಂದಿನ ಬೀದಿಯ ಆ ಸಣ್ಣ ಮನೆಯಲ್ಲಿ ಚಹಾ ಮಾಡಿಕೊಂಡು ಕುಳಿತರೆ, ಚಹಾ ಆರಿ ತಣ್ಣಗಾದರೂ ಅವಳು ಕುಳಿತೇ ಇರುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ, ಈ ಬೇಸಿಗೆ. ಗಂಡ ಕ್ಲೈವ್‌ನ ಪುಟ್ಟ ಮೋಟಾರು ದೋಣಿ ‘ಗ್ರೀಬ್’ನಲ್ಲಿ ಕಡಲು ದಾಟಿ, ಆಚೆ ದಡದ ಕ್ಯಾಲೆಯಿಂದ ಫ್ರಾನ್ಸಿನ ಒಳನಾಡಿನ ಕಾಲುವೆಗೆ ಇಳಿದು, ಮರಗಳ ನೆರಳಲ್ಲಿ ನಿಧಾನವಾಗಿ ಸಾಗಬೇಕು. ಯಾರೂ ಕರೆಯದ ಕಡೆ ಹಾಯಾಗಿ ನಿದ್ದೆ ಮಾಡಬೇಕು. ಸೆಪ್ಟೆಂಬರ್ ಬಂದರೆ ಮಗಳ ಅವಳಿ ಕೂಸುಗಳನ್ನು ನೋಡಿಕೊಳ್ಳುತ್ತೇನೆಂದು ಅವಳೇ ಒಪ್ಪಿಕೊಂಡಿದ್ದಳು. ಒಂದು ಮುದಿ ಜೀವದ ಸೇವೆ ಮುಗಿದು ಎರಡು ಎಳೆಯ ಜೀವಗಳ ಸೇವೆ ಶುರುವಾಗುವ ನಡುವೆ ಅವಳದೆನ್ನುವ ಕಾಲ ಇಷ್ಟೇ. ಇದೂ ಕೈತಪ್ಪಿದರೆ ಮತ್ತೆ ಯಾವಾಗಲೋ ಏನೋ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕ್ಲೈವ್ ದೋಣಿಯನ್ನು ದಡಕ್ಕೆತ್ತಿ ತಳಕ್ಕೆ ಬಣ್ಣ ಬಳಿಯುತ್ತಿದ್ದ. ಹೇಜಲ್ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು. ಪಕ್ಕದ ದೋಣಿ ಡಿಲಿಸ್‌ಳದು. ವೇಲ್ಸ್ ಕಡೆಯ ಈ ನಿವೃತ್ತ ಭೂಗೋಳದ ಟೀಚರು ಪ್ರತಿ ಬೇಸಿಗೆಯೂ ಒಬ್ಬಳೇ ದೋಣಿ ಹತ್ತಿ ಫ್ರಾನ್ಸ್, ಹಾಲೆಂಡ್ ಎಂದು ಸುತ್ತುವವಳು.

“ಫ್ರಾನ್ಸಿಗಂತೆ?” ಡಿಲಿಸ್ ಕೇಳಿದಳು. “ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ?”

“ಯಾವ ಸರ್ಟಿಫಿಕೇಟು?” ಕ್ಲೈವ್ ತಲೆ ಎತ್ತಲಿಲ್ಲ. “ಟೀವಿ ನೋಡೋಕೆ ಲೈಸೆನ್ಸ್ ಕೇಳೋ ದೇಶ ನಮ್ದು. ಅಂಥ ದೇಶವೇ ಸಮುದ್ರಕ್ಕೆ ಕೇಳಲ್ಲ. ನಮ್ಮಪ್ಪ ಇದೇ ನೀರಲ್ಲಿ ದೋಣಿ ಬಿಟ್ಟ, ಈಗ ನಾನು ಬಿಡ್ತಿದೀನಿ. ಇವತ್ತಿನವರೆಗೂ ಒಬ್ಬನೂ ಕೇಳಿಲ್ಲ.”

“ಇಲ್ಲಿ ಕೇಳಲ್ಲ ಕಣಯ್ಯ. ಅಲ್ಲಿ ಕೇಳ್ತಾರೆ.”

ಈ ಕರಾವಳಿಯವರ ಎಡವಟ್ಟೇ ಇದು. ತಮ್ಮ ಕಡಲಲ್ಲಿ ಸಣ್ಣ ದೋಣಿಗೆ ಪರವಾನಗಿ ಬೇಡವಾದ್ದರಿಂದ ಲೋಕದ ನೀರಿಗೆಲ್ಲ ಬೇಡವೆಂದೇ ಅವರ ನಂಬಿಕೆ. ಅದನ್ನು ಒಂದು ದೊಡ್ಡಸ್ತಿಕೆಯ ಹಾಗೆ ಹೇಳಿಕೊಳ್ಳುತ್ತಾರೆ ಬೇರೆ.

ಡಿಲಿಸ್ ಚಹಾದ ಕಪ್ಪು ಕೆಳಗಿಟ್ಟಳು. “ದೋಣಿ ನಡೆಸೋಕೆ ಬರುತ್ತೆ ಅನ್ನೋದಕ್ಕೆ ಅಂತರರಾಷ್ಟ್ರೀಯ ಅರ್ಹತಾ ಪತ್ರ ಅಂತ ಒಂದಿದೆ. ಕಾಲುವೆಗೆ ಇಳಿಯೋದಾದ್ರೆ ಅಲ್ಲಿನ ಫಲಕ, ದೀಪ, ಶಿಳ್ಳೆ ಇದರದ್ದೆಲ್ಲ ಪರೀಕ್ಷೆ ಬರೆದು ಅದೇ ಪತ್ರದ ಮೇಲೆ ಒಳನಾಡು ಅಂತ ಹಾಕಿಸ್ಕೋಬೇಕು. ಹೋದ್ವರ್ಷ ನಮ್ಮ ದೋಣಿ ಕ್ಲಬ್ಬಿನ ಒಂದು ಜೋಡೀನ, ಕಾಲುವೆ ನೀರು ಏರಿಸಿ ಇಳಿಸೋ ಮೊದಲನೇ ಲಾಕ್ ಗೇಟಿಂದಲೇ ವಾಪಸ್ ಕಳಿಸಿದ್ರು. ಪಾಪ, ಬೇಸಿಗೆಯೆಲ್ಲ ಇಲ್ಲೇ ಬಂದರಲ್ಲಿ ಕೂತು ಕಳೆದ್ರು.”

ಹೇಜಲ್‌ಗೆ ತನ್ನ ಬೇಸಿಗೆ ಒಂದು ಗೇಟಿನ ಮುಂದೆ ಮುಗಿದುಹೋದದ್ದು ಕಣ್ಣಿಗೆ ಕಟ್ಟಿತು.

“ಅವರಿಗೆ ಮಾತಾಡೋಕೆ ಬರ್ಲಿಲ್ಲ, ಅಷ್ಟೇ,” ಎಂದ ಕ್ಲೈವ್. “ಕೇಳಿದಾಗ ನೋಡ್ಕೊಳ್ಳೋಣ.”

ಮನೆಗೆ ಬಂದು ಬೀನ್ಸ್ ಹಾಕಿದ ಟೋಸ್ಟು ತಿನ್ನುವಾಗಲೂ ಅದೇ ಮಾತು. ಹೇಜಲ್ ದನಿ ಎತ್ತಲಿಲ್ಲ. ಎತ್ತುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

“ಕ್ಲೈವ್, ನಂಗೆ ಜಗಳ ಆಡೋಕೆ ಶಕ್ತಿಯಿಲ್ಲ. ಆ ಪತ್ರ ಒಂದು ಮಾಡಿಸ್ಕೊಂಡುಬಿಡು.”

“ಈ ವಯಸ್ಸಲ್ಲಿ ಪರೀಕ್ಷೆನಾ?”

“ಡಿಲಿಸ್ ನಿನಗಿಂತ ದೊಡ್ಡವಳು.”

“ಅವಳು ಟೀಚರು.” ಅವನು ತಟ್ಟೆ ದೂಡಿದ. “ನಾನು ಸ್ಕೂಲು ಬಿಟ್ಟವನು ಪೇಪರ್ ಮುಂದೆ ಕೂತೇ ಇಲ್ಲ ಕಣೇ. ಫೇಲಾದ್ರೆ ಕ್ಲಬ್ಬಲ್ಲಿ ಮುಖ ತೋರಿಸೋದು ಹೇಗೆ?” ಎಂದ.

ಹೇಜಲ್ ಅವನನ್ನೇ ನೋಡಿದಳು. ಅವನ ಮೇಲೆ ಮರುಕ ಹುಟ್ಟಿತು, ಸಿಟ್ಟೂ ಬಂತು. ಇವನ ನಾಚಿಕೆಗೆ ತನ್ನ ಬೇಸಿಗೆ ಬಲಿಯಾಗಬೇಕೇ?

ಮರುದಿನ ಅವಳೊಬ್ಬಳೇ ಡಿಲಿಸ್‌ಳ ದೋಣಿ ಹತ್ತಿದಳು.

“ಆ ಪತ್ರ ಗಂಡಸರ ಹೆಸರಲ್ಲೇ ಇರ್ಬೇಕಾ?”

“ಚುಕ್ಕಾಣಿ ಹಿಡಿದು ಜವಾಬ್ದಾರಿ ಹೊತ್ತವರ ಹೆಸರಲ್ಲಿ ಇರ್ಬೇಕು. ಅದು ಯಾರಾದ್ರೇನು?” ಡಿಲಿಸ್ ನಕ್ಕಳು. “ಯಾಕೆ, ನೀನು ಬರೀತೀಯಾ?”

“ಅವನು ಬರೆಯಲ್ಲ. ನಾನು ಹೋಗ್ಲೇಬೇಕು.”

ಆ ಬಂದರಿನಲ್ಲಿ ಗಂಡ ಚುಕ್ಕಾಣಿ ಹಿಡಿಯುತ್ತಾನೆ, ಹೆಂಡತಿ ದೋಣಿಯ ಮುಂತುದಿಯ ಮೂತಿಯ ಮೇಲೆ ನಿಂತು ದಡಕ್ಕೆ ಹಗ್ಗ ಎಸೆಯುತ್ತ ಬೈಸಿಕೊಳ್ಳುತ್ತಾಳೆ. ಎಲ್ಲ ದೋಣಿಗಳಲ್ಲೂ ಇದೇ ರೂಢಿ. ಹೇಜಲ್ ಕೂಡ ಮದುವೆಯಾದಾಗಿನಿಂದ ಹಗ್ಗ ಎಸೆದವಳೇ. ಆದರೆ ಗಾಳಿ ಎತ್ತಲಿಂದ ಬೀಸಿದರೆ ದೋಣಿ ಎತ್ತ ವಾಲುತ್ತದೆ, ಎಷ್ಟು ದೂರದಲ್ಲಿ ಎಂಜಿನ್ ತಗ್ಗಿಸಬೇಕು ಎನ್ನುವುದನ್ನೆಲ್ಲ ಮೂತಿಯಲ್ಲಿ ನಿಂತೇ ನೋಡಿ ನೋಡಿ ಕಲಿತಿದ್ದಳು. ಡಿಲಿಸ್ ಚುಕ್ಕಾಣಿ ಕೊಟ್ಟಾಗ ಅವಳಿಗೆ ಅಂಥ ಕಷ್ಟವೆನಿಸಲಿಲ್ಲ.

ಕಾಲುವೆಯ ಫಲಕಗಳು ಮಾತ್ರ ತಲೆಗೆ ಹತ್ತಲಿಲ್ಲ. ಓದುತ್ತ ಓದುತ್ತ ಪುಸ್ತಕದ ಮೇಲೇ ತೂಕಡಿಸುವಳು.

“ಎರಡು ಕೆಂಪು ದೀಪ ಅಂದ್ರೆ?” ಡಿಲಿಸ್ ಕೇಳುವಳು.

“ನಿಲ್ಲು?”

“ನಿಲ್ಲು ಅಷ್ಟೇ ಅಲ್ಲ, ಆ ಗೇಟು ಇವತ್ತು ಕೆಲಸವೇ ಮಾಡಲ್ಲ ಅಂತ. ಕಾಯ್ತಾ ಕೂತ್ರೆ ಅಲ್ಲೇ ಬೇರು ಬಿಡ್ತೀಯ.”

ರೇಡಿಯೋ ತರಬೇತಿಯೂ ಆಯಿತು. ದಡದವರ ಜೊತೆ ಮಾತಾಡುವ ರೇಡಿಯೋ ದೋಣಿಯಲ್ಲಿ ಇದ್ದರೆ ಸಾಲದು. ಅದಕ್ಕೆ ದೋಣಿಯ ಹೆಸರಲ್ಲಿ ಒಂದು ಪರವಾನಗಿ, ಮಾತಾಡುವವರ ಹೆಸರಲ್ಲಿ ಒಂದು ಪ್ರಮಾಣಪತ್ರ ಎರಡೂ ಬೇಕೆಂದು ಅವಳಿಗೆ ಆಗಲೇ ಗೊತ್ತಾದದ್ದು. ಇಷ್ಟು ವರ್ಷ ಕ್ಲೈವ್ ಅದರಲ್ಲಿ ಹವಾಮಾನದ ಮಾತಾಡಿದ್ದೆಲ್ಲ ಯಾವ ಪತ್ರವೂ ಇಲ್ಲದೆ.

ಕ್ಲೈವ್ ಮೊದಮೊದಲು ರೇಗಿಸಿದ. “ಏನು ಕ್ಯಾಪ್ಟನ್, ಇವತ್ತಿನ ಪಾಠ ಆಯ್ತಾ?” ಎನ್ನುವನು. ಒಂದು ದಿನ ಅವನೇ ವಿಮೆಯವರಿಗೆ ಫೋನ್ ಮಾಡಿದ, ಪತ್ರ ಬೇಡವೆಂದು ಅವರಿಂದಲೇ ಹೇಳಿಸಿ ಹೆಂಡತಿಯ ಬಾಯಿ ಮುಚ್ಚಿಸಿದರಾಯಿತು ಎಂದು. ಫೋನ್ ಇಟ್ಟವನ ಮುಖ ಸಪ್ಪಗಾಗಿತ್ತು.

“ನಮ್ಮ ವಿಮೆ ಈ ದೇಶದ ನೀರಿಗೆ ಮಾತ್ರ ಅಂತೆ. ಆಚೆಗೆ ಬೇಕಾದ್ರೆ ಬೇರೆ ಬರೆಸ್ಕೋಬೇಕಂತೆ. ಅದು ಬರೆಸಿದ್ರೂ, ಅಲ್ಲಿನ ಕಾನೂನು ಕೇಳೋ ಪತ್ರ ಇಲ್ಲದೆ ಏನಾದ್ರೂ ಆದ್ರೆ ಒಂದು ಕಾಸೂ ಕೊಡಲ್ವಂತೆ.”

“ಏನಾದ್ರೂ ಅಂದ್ರೆ?” ಹೇಜಲ್ ಕೇಳಿದಳು.

“ಯಾರಿಗಾದ್ರೂ ಗುದ್ದಿದ್ರೆ. ನಿನಗೆ ಏನಾದ್ರೂ ಆದ್ರೆ.” ಅವನು ಕಿಟಕಿಯ ಹೊರಗೆ ನೋಡಿದ. “ನಾನು ಈ ಪತ್ರಾನೆಲ್ಲ ಬರೀ ಸ್ಟ್ಯಾಂಪಿಗೋಸ್ಕರ ಕೇಳ್ತಾರೆ ಅಂದ್ಕೊಂಡಿದ್ದೆ.”

ಆಮೇಲೆ ಉಳಿದ ಓಡಾಟವನ್ನು ಅವನು ತಾನಾಗಿಯೇ ವಹಿಸಿಕೊಂಡ. ದೋಣಿಯ ನೋಂದಣಿಯ ಅವಧಿ ಎಂದೋ ಮುಗಿದಿತ್ತು. ಈ ತೀರದಲ್ಲಿ ಬೇಡವಾದರೂ ಗಡಿಯಾಚೆ ನೋಂದಣಿ ಇಲ್ಲದ ದೋಣಿಗೆ ದೇಶವೇ ಇಲ್ಲದ ಹಾಗೆ. ಅದನ್ನು ಮತ್ತೆ ಮಾಡಿಸಿದ. ದೋಣಿಗೆ ತೆರಿಗೆ ಕಟ್ಟಿದ ರಸೀದಿ ಹುಡುಕಿ ತೆಗೆದ. ಹೊರಡುವ ಮೊದಲು ಗಡಿ ಅಧಿಕಾರಿಗಳಿಗೆ ತಿಳಿಸಬೇಕು, ಆಚೆ ದಡದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಹಾಕುವ ಬಂದರಿಗೇ ಮೊದಲು ಹೋಗಬೇಕು ಎನ್ನುವುದನ್ನೆಲ್ಲ ಡಿಲಿಸ್‌ಳನ್ನು ಕೇಳಿ ಕೇಳಿ ತಿಳಿದುಕೊಂಡ. “ನಕಲು ಪ್ರತಿ ನಡೆಯಲ್ಲ, ಅಸಲೇ ತಗೊಂಡು ಹೋಗು,” ಎಂದು ಅವಳು ಹೇಳಿದ್ದಕ್ಕೆ ಎದುರಾಡಲೂ ಇಲ್ಲ.

ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು. ಪರೀಕ್ಷಕ ತೇಲುಬುಡ್ಡೆಯೊಂದನ್ನು ನೀರಿಗೆಸೆದು, “ಮನುಷ್ಯ ಬಿದ್ದಿದಾನೆ, ಎತ್ತಿ,” ಎಂದ. ಹೇಜಲ್ ಮೊದಲ ಸಲ ಅದನ್ನು ದಾಟಿ ಮುಂದೆ ಹೋದಳು. ಮತ್ತೆ ಸುತ್ತು ಹಾಕಿ, ಗಾಳಿಗೆ ಮುಖ ಮಾಡಿ, ಎಂಜಿನ್ ತಗ್ಗಿಸಿ ಬಂದಳು. ಬುಡ್ಡೆ ತಾನಾಗಿ ದೋಣಿಯ ಪಕ್ಕಕ್ಕೆ ಬಂತು. ದಡದಲ್ಲಿ ಚಿಪ್ಸ್ ಪೊಟ್ಟಣ ಹಿಡಿದು ನಿಂತಿದ್ದ ಕ್ಲೈವ್ ಒಂದನ್ನೂ ತಿಂದಿರಲಿಲ್ಲ.

ಇದರಲ್ಲೂ ಫಲಕಗಳ ಪರೀಕ್ಷೆಯಲ್ಲೂ ಹೇಜಲ್ ಪಾಸಾದಳು. ಅಂದೇ ಸಂಜೆ ಕ್ಲೈವ್, “ಆ ಫಲಕದ ಪುಸ್ತಕ ಇಲ್ಲಿ ಕೊಡು. ನಿನಗೆ ಸುಸ್ತಾದಾಗ ನಾನು ಚುಕ್ಕಾಣಿ ಹಿಡಿಯೋಕಾದ್ರೂ ಆಗ್ಬೇಕಲ್ಲ,” ಎಂದ. ಮುಂದಿನ ಪರೀಕ್ಷೆಗೆ ತನ್ನ ಹೆಸರನ್ನೂ ಬರೆಸಿದ.

ಜೂನ್‌ನಲ್ಲಿ ಅವರು ಕಡಲು ದಾಟಿದರು. ದೊಡ್ಡ ಹಡಗುಗಳ ಹಾದಿಯನ್ನು ನೇರ ಅಡ್ಡಲಾಗಿ ಹಾಯ್ದು, ಮುದ್ರೆ ಹಾಕಿಸಿಕೊಂಡು, ಕಾಲುವೆಗೆ ಇಳಿದರು. ಒಂದು ಲಾಕ್ ಗೇಟಿನ ಬಳಿ ಜಲಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ.

“ದೋಣಿಯ ಜವಾಬ್ದಾರಿ ಯಾರದು?”

ಮೂತಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಕ್ಲೈವ್ ಹಿಂದಕ್ಕೆ ಕೈ ತೋರಿಸಿದ. “ಅವಳದು.”

ಹೇಜಲ್ ಪತ್ರಗಳನ್ನು ಕೊಟ್ಟಳು. ಪೊಲೀಸಿನವನು ಒಂದೊಂದಾಗಿ ನೋಡಿ, ಕಾಲುವೆ ನಿಯಮಗಳ ಪುಸ್ತಕ ದೋಣಿಯಲ್ಲಿದೆಯೇ ಎಂದು ಕೇಳಿ, ಅದನ್ನೂ ನೋಡಿ ಎಲ್ಲ ವಾಪಸು ಕೊಟ್ಟ. “ಹೋಗಿ ಬನ್ನಿ ಮೇಡಂ,” ಎಂದ. ಅಷ್ಟೇ. ಎಷ್ಟು ತಿಂಗಳಿಂದ ಬಿಗಿಹಿಡಿದಿದ್ದಳೋ, ಹೇಜಲ್ ಅಲ್ಲೇ ಅತ್ತುಬಿಟ್ಟಳು. ಗೇಟು ತೆರೆಯಿತು. ಆಚೆ ಮರಗಳ ನೆರಳಿನಲ್ಲಿ ದೋಣಿ ಕಟ್ಟಿ, ಅವಳು ಮಧ್ಯಾಹ್ನವೇ ಮಲಗಿದಳು. ಕ್ಲೈವ್ ಅವಳನ್ನು ಎಬ್ಬಿಸಲಿಲ್ಲ.

ದೋಣಿಯಿರುವ ಅಕ್ಕ ಅಣ್ಣಂದಿರೇ, ನಿಮಗೂ ದಣಿವಿದೆ, ಬಲ್ಲೆವು. ಅರ್ಜಿ ಎಂದರೆ ಯಾರಿಗೂ ಬೇಸರವೇ. ಆದರೆ ಗಡಿಯಾಚೆ ಹೋಗುವ ಆಸೆಯಿದ್ದರೆ ಚಳಿಗಾಲದಲ್ಲೇ ಶುರುಮಾಡಿ. ನೀವು ಹೋಗುವ ದೇಶ ಏನು ಕೇಳುತ್ತದೆ ಎಂದು ವಿಚಾರಿಸಿ. ಒಂದೊಂದು ಕಡೆ ಒಂದೊಂದು ನಿಯಮ, ಅದೂ ಬದಲಾಗುತ್ತಿರುತ್ತದೆ. ಅರ್ಹತಾ ಪತ್ರ, ರೇಡಿಯೋದ ಪತ್ರಗಳು, ನೋಂದಣಿ, ವಿಮೆ, ತೆರಿಗೆ ರಸೀದಿ ಎಲ್ಲದರ ಅಸಲು ಪ್ರತಿ ದೋಣಿಯಲ್ಲಿರಲಿ. ಪರೀಕ್ಷೆಗೆ ನಾಚಬೇಡಿ. ನಿಮ್ಮ ಜೊತೆ ಬರುವವರು ಆ ಬೇಸಿಗೆಗಾಗಿ ಎಷ್ಟು ವರ್ಷ ಕಾದಿದ್ದಾರೋ, ಹೊರಡುವ ಮುಂಚೆ ಒಮ್ಮೆ ಅವರನ್ನು ಕೇಳಿ ನೋಡಿ.