ತುಂಬಿದ ಬೆಂಚು

ಪಂದ್ಯಗಳು ಶುರುವಾಗುವ ಮುಂಚೆ ನಮ್ಮ ಫುಟ್‌ಬಾಲ್ ತಂಡದ ಯಜಮಾನರು ಒಂದು ಬಸ್ಸು ಕೊಂಡರು. ಎರಡೂ ಬದಿಗೆ ಆಟಗಾರರ ಆಳೆತ್ತರದ ಚಿತ್ರ, ಹಿಂಬದಿಗೆ ಯಜಮಾನರದ್ದೇ. ಬಸ್ಸಿನ ಬದಲು ಇನ್ನೂ ನಾಲ್ಕು ಜನ ಆಟಗಾರರನ್ನು ತಂದಿದ್ದರೆ ಚೆನ್ನಾಗಿತ್ತು ಎಂದು ಕೋಚ್ ಮೆಲ್ಲಗೆ ಬಾಯಿಬಿಟ್ಟರು. ಆಡುವುದು ಹನ್ನೊಂದೇ ಜನ ತಾನೇ, ಉಳಿದವರಿಗೆ ಕೂತು ತಿನ್ನಲು ಸಂಬಳ ಯಾಕೆ ಎಂದು ಯಜಮಾನರು ಕೇಳಿದರು. ಟೈಲ್ಸ್ ಮಾರಿ ಮೇಲೆ ಬಂದ ಮನುಷ್ಯ. ಅಂಗಡಿಗೆ ಬಂದವರಿಗೆಲ್ಲ, ಒಡೆದರೆ ಬೇಕಾಗುತ್ತೆ, ಒಂದು ಪೆಟ್ಟಿಗೆ ಜಾಸ್ತಿ ಒಯ್ಯಿರಿ ಎಂದು ತಾವೇ ಉಪದೇಶ ಮಾಡುವವರು. ಕಾಲುಗಳ ವಿಷಯಕ್ಕೆ ಬಂದಾಗ ಮಾತ್ರ ಆ ಬುದ್ಧಿ ಓಡಲಿಲ್ಲ.

ನಾನು ಆ ತಂಡದ ಫಿಸಿಯೋ. ಉಳುಕು, ಊತ, ಸೆಳೆತ ಎಲ್ಲವೂ ನನ್ನ ಮೇಜಿನ ಮೇಲೆ ಬಂದು ಮಲಗುತ್ತವೆ. ನನ್ನ ತಮ್ಮ ಅದೇ ತಂಡದ ಡಿಫೆಂಡರ್. ಅಪ್ಪ ಅಮ್ಮ ಹೋದಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ನಾನು. ಮೈದಾನದಲ್ಲಿ ಎಲ್ಲರೆದುರು ಅಕ್ಕ ಅನ್ನಬೇಡ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೊದಮೊದಲು ಗೆದ್ದೆವು. ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಒಬ್ಬನ ಪಾದ ಉಳುಕಿತು, ಇನ್ನೊಬ್ಬನ ತೊಡೆಯ ಸ್ನಾಯು ಹಿಡಿಯಿತು. ಬದಲಿಗೆ ಇದ್ದವನು ಒಬ್ಬನೇ, ಹಾಗಾಗಿ ಅರ್ಧ ವಾಸಿಯಾದವರೇ ಪಟ್ಟಿ ಸುತ್ತಿಕೊಂಡು ಆಡಿದರು. ಅವರ ಪಾಲಿನ ಓಟವನ್ನೂ ಓಡಿ ಓಡಿ ಗಟ್ಟಿಮುಟ್ಟಾಗಿದ್ದವರೂ ನನ್ನ ಮೇಜಿಗೆ ಬಂದರು. ಮೇಲಿದ್ದ ತಂಡ ಜಾರಿ ಜಾರಿ ತಳ ಮುಟ್ಟಿತು. ಯಾರದೋ ಕಣ್ಣು ಬಿದ್ದಿದೆ ಎಂದರು ಯಜಮಾನರು. ಬಿದ್ದವರು ಆಟಗಾರರು ಎನ್ನುವುದು ಅವರ ಗಮನಕ್ಕೆ ಬಂದಿರಲಿಲ್ಲ.

ಅವರ ಚಿಂತೆಯೇ ಬೇರೆ. ಬದಲಿ ಆಟಗಾರರು ಕೂರುವ ಬೆಂಚು ಖಾಲಿಯಾಗಿ ಟಿವಿಯಲ್ಲಿ ಕಂಡರೆ ಮರ್ಯಾದೆ ಹೋಗುತ್ತದಲ್ಲ? ಅದಕ್ಕೆ ಬಸ್ಸಿನ ಡ್ರೈವರ್, ಅಡುಗೆಯವನು, ಜೊತೆಗೆ ತಮ್ಮ ಸ್ವಂತ ಅಳಿಯ, ಮೂವರನ್ನೂ ಆಟಗಾರರೆಂದು ನೋಂದಾಯಿಸಿ ಜೆರ್ಸಿ ತೊಡಿಸಿದರು. ಅಡುಗೆಯವನ ಜೆರ್ಸಿ ಹೊಟ್ಟೆ ದಾಟಿ ಕೆಳಗಿಳಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಅಳಿಯಂದಿರು ಓಡಿದ್ದನ್ನು ಕಂಡವರೇ ಇಲ್ಲ. ಪಂದ್ಯಕ್ಕೆ ಮುಂಚೆ ಮೂವರೂ ಗೆರೆಯ ಪಕ್ಕ ಕೈಕಾಲು ಆಡಿಸುತ್ತಾ ಎದುರಾಳಿಗಳನ್ನು ಗುರಾಯಿಸಬೇಕು, ಇಷ್ಟೇ ಕೆಲಸ. ಒಮ್ಮೆ ಎದುರಾಳಿ ಕೋಚ್ ಅಡುಗೆಯವನನ್ನು ತುಂಬಾ ಹೊತ್ತು ದಿಟ್ಟಿಸಿ ನೋಡಿದರಂತೆ. ನಾಲ್ಕು ಗೋಲಿನಿಂದ ಸೋತ ಆ ದಿನವೂ ಯಜಮಾನರು ಅದನ್ನೇ ಹೇಳಿಕೊಂಡು ಬೀಗಿದರು.

ಕೊನೆಯ ಪಂದ್ಯದ ಹೊತ್ತಿಗೆ ತಮ್ಮನ ಸರದಿ. ಮೊಣಕಾಲನ್ನು ಹಿಡಿದಿಡುವ ನಾರು ಅರ್ಧ ಹರಿದಿತ್ತು. ಸುಮ್ಮನಿದ್ದರೆ ಕೂಡುತ್ತದೆ, ಆಡಿದರೆ ಅವನ ಆಟವೇ ಮುಗಿಯುತ್ತದೆ ಎಂದು ಕೋಚ್‌ಗೂ ಯಜಮಾನರಿಗೂ ಬಿಡಿಸಿ ಹೇಳಿದೆ. ಆಡುವುದು ಬೇಡ, ಬೆಂಚಿಗೆ ಕಳೆ ಬರಲಿ, ಜೆರ್ಸಿ ಹಾಕಿಕೊಂಡು ಕೂತಿರಲಿ ಎಂದರು ಯಜಮಾನರು. ಆ ಪಂದ್ಯ ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತಿತ್ತು.

ಎರಡೂ ಕಡೆ ಗೋಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ನಮ್ಮ ಉಳಿದ ಒಬ್ಬನೇ ಒಬ್ಬ ಡಿಫೆಂಡರ್ ತಲೆಗೆ ತಲೆ ಡಿಕ್ಕಿ ಹೊಡೆದು ಹಣೆ ಸೀಳಿಕೊಂಡ. ಕೋಚ್ ಬೆಂಚಿನ ಕಡೆ ತಿರುಗಿದರು. ಡ್ರೈವರ್ ಬಗ್ಗಿ, ಕಟ್ಟಿದ್ದ ಶೂ ದಾರವನ್ನೇ ಮತ್ತೆ ಕಟ್ಟತೊಡಗಿದ. ಅಡುಗೆಯವನು ಆಕಾಶ ನೋಡಿದ. ಅಳಿಯಂದಿರಿಗೆ ಅದೇ ಗಳಿಗೆಗೆ ಫೋನ್ ಬಂತು. ಎದ್ದು ನಿಂತವನು ನನ್ನ ತಮ್ಮ.

"ಕೂತ್ಕೋ," ಅಂದೆ.

"ಅಕ್ಕಾ, ನಾನು ಹೋಗ್ದಿದ್ರೆ ಡ್ರೈವರಣ್ಣ ಹೋಗ್ಬೇಕಾಗುತ್ತೆ."

"ಅವನೇ ಹೋಗ್ಲಿ. ಸೋತ್ರೆ ಸೋಲ್ಲಿ. ನಂಗೆ ನಿನ್ ಕಾಲು ಮುಖ್ಯ."

ಕೋಚ್ ನನ್ನ ಮುಖ ನೋಡಲಿಲ್ಲ. "ಬೇರೆ ಯಾರಿದ್ದಾರಮ್ಮ ನನ್ನ ಹತ್ರ?" ಎಂದರು.

ತಮ್ಮ ಒಳಗೆ ಹೋದ. ಗೋಲಿನ ಬಾಯಿಗೆ ಬಂದ ಚೆಂಡನ್ನು ಅಡ್ಡಬಿದ್ದು ತಡೆದ, ಬಿದ್ದವನು ಏಳಲಿಲ್ಲ. ಪಂದ್ಯ ಸಮವಾಯಿತು, ತಂಡ ಉಳಿಯಿತು. ಯಜಮಾನರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ನಮ್ಮ ಬೆಂಚಿನ ಬಲ ಈಗ ಗೊತ್ತಾಯಿತಲ್ಲ ಎಂದು ಮೈಕಿನಲ್ಲಿ ಭಾಷಣ ಬಿಗಿದರು. ನಾನು ಆಗ ಆಂಬುಲೆನ್ಸಿನಲ್ಲಿ ತಮ್ಮನ ಸಾಕ್ಸ್ ಕತ್ತರಿಸುತ್ತಿದ್ದೆ. ನಡೆಯಲು ತೊಂದರೆ ಇಲ್ಲ, ಆಟದ ಮಾತು ಮರೆತುಬಿಡಿ ಎಂದರು ಡಾಕ್ಟರು.

ಮುಂದಿನ ವರ್ಷ ಯಜಮಾನರಿಗೆ ಜ್ಞಾನೋದಯವಾಯಿತು. ಒಂದೊಂದು ಜಾಗಕ್ಕೂ ಇಬ್ಬಿಬ್ಬರನ್ನು ತಂದರು. ಅವರ ದೂರದೃಷ್ಟಿಯನ್ನು ಪತ್ರಿಕೆಯವರು ಹಾಡಿ ಹೊಗಳಿದರು. ತಂಡವೂ ಗೆಲ್ಲತೊಡಗಿತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ತಮ್ಮನ ಜಾಗಕ್ಕೆ ಬಂದವನು ಮೊಣಕಾಲು ಸ್ವಲ್ಪ ಊದಿದೆ ಎಂದು ನನ್ನ ಮೇಜಿನ ಮೇಲೆ ಮಲಗಿದ. ಇವನನ್ನು ಮಾತ್ರ ಆಡಿಸಲು ಬಿಡುವುದಿಲ್ಲ, ಕೆಲಸ ಹೋದರೂ ಸರಿ ಎಂದು ಸೊಂಟ ಕಟ್ಟಿಕೊಂಡೇ ಕೋಚ್ ಹತ್ತಿರ ಹೋದೆ. ವಿಶ್ರಾಂತಿ ಬೇಕು ಎಂದೆ. ಅವರು ಕೈಯಲ್ಲಿದ್ದ ಕಾಗದದಿಂದ ತಲೆ ಎತ್ತದೆ, "ಸರಿ, ಇನ್ನೊಬ್ಬ ಆಡ್ತಾನೆ," ಎಂದರು. ಜಗಳಕ್ಕೆಂದು ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ತಮ್ಮನ ಸಲ ಆ ಇನ್ನೊಬ್ಬ ಇರಲಿಲ್ಲ.

ಸಂಜೆ ಮನೆಗೆ ಹೋದಾಗ ತಮ್ಮ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಮುಚ್ಚಿಡಲಾಗದೆ ಹೇಳಿಬಿಟ್ಟೆ.

"ಕೋಚ್ ಏನೂ ಅನ್ಲಿಲ್ವಾ, ಅಕ್ಕಾ?"

"ಸರಿ ಅಂದ್ರು."

"ಅಷ್ಟೇನಾ?"

"ಅಷ್ಟೇ ಕಣೋ."

ಆ ದಿನ ಎಷ್ಟು ಕರೆದರೂ ಅವನು ಊಟಕ್ಕೆ ಏಳಲಿಲ್ಲ.